ಷಡಕ್ಷರಿಯ ಕಂಪ್ಯೂಟರಿಗೆ ಬಂದ ಜ್ವರ

ಯಡಿಯೂರಿನ ಬಸ್ ನಿಲ್ದಾಣದ ಹಿಂದೆ ಷಡಕ್ಷರಿಯ ಜೆರಾಕ್ಸ್ ಅಂಗಡಿ. ಪಹಣಿ ತೆಗೆಸಬೇಕೇ, ಮದುವೆ ಕರೆಯೋಲೆ ಟೈಪು ಮಾಡಿಸಬೇಕೇ, ಊರಿಗೆಲ್ಲ ಅವನೇ ಗತಿ. ನನ್ನ ಪಕ್ಕದ ತೋಟದವನು. ಮಾತು ಒಗ್ಗರಣೆಯ ಮೆಣಸಿನಕಾಯಿ, ಕರುಳು ಎಳನೀರು.

ಅವನಿಗೆ ಕಂಪ್ಯೂಟರ್ ಕೊಟ್ಟವನು ತುಮಕೂರಿನ ಬಟವಾಡಿಯಲ್ಲಿ ಹಳೇ ಕಂಪ್ಯೂಟರ್ ಮಾರುವ ಶಾಬಾಜ್. ಇಬ್ಬರೂ ಕುಣಿಗಲ್ಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಟೈಪಿಂಗ್ ಕಲಿತವರು. ಹಬ್ಬದ ಹೋಳಿಗೆ ಅತ್ತ ಹೋದರೆ, ರಂಜಾನಿನ ಶಾವಿಗೆ ಇತ್ತ ಬರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಆ ಕಂಪ್ಯೂಟರ್ ಕೆಲಸದ ನಡುವೆ ಪಟ್ಟಂತ ಆರತೊಡಗಿತು. ಗಿರಾಕಿಗಳು ಗೊಣಗಿದರು. "ಸ್ನೇಹ ಅಂತ ನಂಬ್ಸಿ ಗುಜರಿ ದಾಟಿಸವ್ನೆ" ಎಂದು ಯಾರೋ ಕಿವಿ ಕಚ್ಚಿದರು. ಆ ಮಾತು ಷಡಕ್ಷರಿಗೆ ಮುದ್ದೆಯಲ್ಲಿ ಸಿಕ್ಕ ಕಲ್ಲಿನಂತಾಯಿತು. ನುಂಗಲೂ ಆಗದು, ಉಗಿಯಲೂ ಆಗದು. ಒಂದು ಬೆಳಿಗ್ಗೆ ಕಂಪ್ಯೂಟರನ್ನು ಗೋಣಿಚೀಲಕ್ಕೆ ತುಂಬಿ ತುಮಕೂರಿನ ಬಸ್ಸು ಹತ್ತಿದ. ಜಗಳ ಕೈಮೀರೀತೆಂದು ನಾನೂ ಹತ್ತಿದೆ. ಬಟವಾಡಿಯ ಅಂಗಡಿ ಹೊಕ್ಕವನೇ ಷಡಕ್ಷರಿ ಚೀಲವನ್ನು ಮೇಜಿನ ಮೇಲಿಟ್ಟ.

"ಏನ್ಲಾ ಶಾಬಾಜು, ನಂಗೇ ಟೋಪಿ ಹಾಕ್ತೀಯಾ? ನೀನು ಹೇಳಿದ್ದು ಒಂದಾದ್ರೂ ಇದರೊಳಗೆ ಐತೇನ್ಲಾ?"

ಶಾಬಾಜನ ಮುಖ ಬಾಡಿತು. ತಂತಿ ಸಿಕ್ಕಿಸಿ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿದ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಡಿಸ್ಕು ಗಟ್ಟಿಯೋ ಟೊಳ್ಳೋ, ಡಬ್ಬಿ ಬಿಚ್ಚದೆಯೇ ಒಳಗಿನದನ್ನೆಲ್ಲ ಅದು ಪರದೆಯ ಮೇಲೆ ಹರಡಿತು. ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತ ನನಗೂ ತಿಳಿಯುವಂತಿತ್ತು. ಮಾರುವಾಗ ಶಾಬಾಜ್ ಹೇಳಿದ್ದೆಲ್ಲ ಅಲ್ಲಿತ್ತು.

"ನೀನ್ ಹಾಕಿದ್ದು ನಿನ್ ಕಡೇನೇ ಸಾಕ್ಷಿ ಹೇಳುತ್ತೆ, ಬುಡು."

"ಅಂಗಾದ್ರೆ ಬೇರೇದು ನೀನೇ ಹುಡುಕಿ ಹಾಕು. ಪುಕ್ಕಟೆ ಸಿಗೋದು, ನಮ್ಮಪ್ಪನ ಮನೇದಲ್ಲ. ನಾನು ಮುಟ್ಟಾಕಿಲ್ಲ ಕಣೋ."

ಷಡಕ್ಷರಿ ಹುಡುಕಿ ಇನ್ನೊಂದನ್ನು ಹಾಕಿದ. ಅದೂ ಅದನ್ನೇ ಹೇಳಿತು. ಆದರೆ ಮೂಲೆಯಲ್ಲೊಂದು ಅಂಕಿ ಕೆಂಪಗೆ ಏರುತ್ತಿತ್ತು: ಪ್ರೊಸೆಸರಿನ ಶಾಖ. ತೊಂಬತ್ತು ಡಿಗ್ರಿ ದಾಟಿತು. ಕಂಪ್ಯೂಟರ್ ಪಟ್ಟಂತ ಆರಿತು.

"ಜ್ವರ ಬಂದೈತೆ ಇದಕ್ಕೆ" ಎನ್ನುತ್ತ ಶಾಬಾಜ್ ಮುಚ್ಚಳ ಬಿಚ್ಚಿದ.

ಒಳಗಿನ ಫ್ಯಾನು ಕಾಣಲೇ ಇಲ್ಲ. ವಿಭೂತಿ, ಕುಂಕುಮ, ಒಣಗಿದ ಸೇವಂತಿಗೆ ಎಸಳು, ಸಾಂಬ್ರಾಣಿಯ ಮಸಿ ಎಲ್ಲ ಸೇರಿ ಗಾರೆ ಮೆತ್ತಿದಂತಿತ್ತು. ಅನ್ನ ಕೊಡುವ ಯಂತ್ರವೆಂದು ಷಡಕ್ಷರಿ ಸೋಮವಾರ ಸೋಮವಾರ ಅದಕ್ಕೆ ವಿಭೂತಿ ಬಳಿದು, ಧೂಪ ಹಿಡಿದು, ಗಾಳಿಯಾಡುವ ಕಿಂಡಿಗಳಿಗೇ ಹೂವು ಸಿಕ್ಕಿಸುತ್ತಿದ್ದ. ಹೂವು ನಿಲ್ಲಲು ಬೇರೆಲ್ಲೂ ತೂತಿರಲಿಲ್ಲವಲ್ಲ!

"ಭಕ್ತಿ ಹೆಚ್ಚಾಗಿ ಇದರ ಮೂಗೇ ಮುಚ್ಚಿದ್ದೀಯಲ್ಲೋ!" ನಗಲು ಹೊರಟ ಶಾಬಾಜ್, ಗೆಳೆಯನ ಮುಖ ನೋಡಿ ತಡೆದುಕೊಂಡ.

"ತಪ್ಪಾಯ್ತು ಕಣ್ಲಾ. ಕಂಡೋರ ಮಾತು ಕೇಳಿ ನಿನ್ನ ಕಳ್ಳ ಅಂದ್ಬುಟ್ಟೆ."

"ಆ ಬ್ರಷ್ ತಕೋ. ಮೆತ್ತಿದೋನೇ ಕೆರೀಬೇಕು. ನಾನು ಟೀ ಹೇಳ್ತೀನಿ."

ಸೋಮವಾರದ ಪೂಜೆ ಈಗಲೂ ನಿಂತಿಲ್ಲ. ವಿಭೂತಿ ಮೇಜಿಗೆ, ಹೂವು ಗೋಡೆಯ ಮೊಳೆಗೆ, ಧೂಪ ಹೊಸಿಲಾಚೆಗೆ. ಆಮೇಲೆ ಷಡಕ್ಷರಿ ಆ ಪುಕ್ಕಟೆ ಸಾಫ್ಟ್‌ವೇರ್ ತೆರೆದು, ಮಗುವಿನ ಹಣೆ ಮುಟ್ಟಿ ನೋಡುವವನಂತೆ ಶಾಖ ನೋಡಿ, ಬಟವಾಡಿಗೆ ಫೋನು ಮಾಡುತ್ತಾನೆ.

"ಜ್ವರ ಇಲ್ಲ ಕಣ್ಲಾ. ಊಟ ಆಯ್ತಾ?"