ಮೂಗಿಲ್ಲದ ಮುಖಗಳ ಕಲಾವಿದರು

ನಮ್ಮ ಮಹಡಿಯ ಮೇಲಿರುವ ಕಲಾವಿದರು ಮುಖ ಬರೆಯುವುದರಲ್ಲಿ ನಿಸ್ಸೀಮರು. ಬರೆದದ್ದು ಮುಖವೆಂದು ಅವರೇ ಹೇಳಬೇಕು, ಅಷ್ಟೆ. ಬಣ್ಣಕ್ಕೆ ಮರಳು, ಮರದ ಹೊಟ್ಟು, ಒಮ್ಮೊಮ್ಮೆ ಹೆಂಡತಿ ಸೋಸಿಟ್ಟ ಚಹದ ಚರಟವನ್ನೂ ಕಲಸಿ, ಗಾರೆಯವರ ಕರಣೆಯಿಂದ ಕ್ಯಾನ್ವಾಸಿಗೆ ಮೆತ್ತುತ್ತಾರೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಎದುರಾದವರನ್ನು ಒಂದು ಕಣ್ಣು ಮುಚ್ಚಿ ಅಳೆಯುತ್ತಾರೆ. ಮಾನವಂತರು ಕೂಡಲೇ ಕಾಲಿಗೆ ಬುದ್ಧಿ ಹೇಳುತ್ತಾರೆ. ಮನೆಯೊಡತಿ ತನ್ನ ಚಿತ್ರ ನೋಡಿ, "ನನ್ನ ಮೂಗೆಲ್ರೀ?" ಎಂದು ಕೇಳಿದ್ದಕ್ಕೆ, "ಮೂಗು ಯಾರಿಗೆ ಬೇಕು ತಾಯಿ? ಉಸಿರು ಬರೆದಿದ್ದೀನಿ" ಎಂದರು. ಅವರ ಹೆಂಡತಿಯದು ಇನ್ನೊಂದು ಗೋಳು: "ನನ್ನ ಚಿತ್ರ ನೋಡಿ ನಮ್ಮಮ್ಮ ಫೋನ್ ಮಾಡಿ, ಹುಷಾರಾಗಿದ್ದೀಯೇನೇ ಅಂತ ಕೇಳಿದ್ಲು." ಕಳೆದ ತಿಂಗಳು ಇಸ್ತ್ರಿ ಅಂಗಡಿಯ ಹೆಂಗಸನ್ನು ಕೂರಿಸಿ ಬರೆದರು. ಬಾಲ್ಯದ ಸಿಡುಬು ಅವಳ ಕೆನ್ನೆಯ ತುಂಬ ಕುಳಿಗಳನ್ನು ಬಿಟ್ಟುಹೋಗಿತ್ತು. ಅವಳು ಚಿತ್ರ ನೋಡಲು ಬಂದ ದಿನ ನಾವೆಲ್ಲ ನಗು ಅದುಮಿಕೊಂಡು ಬಾಗಿಲಲ್ಲಿ ನಿಂತೆವು. ಅವಳು ಚಿತ್ರದ ಒರಟು ಕೆನ್ನೆಯನ್ನು ಬೆರಳಿಂದ ಸವರಿದಳು, ಆಮೇಲೆ ತನ್ನ ಕೆನ್ನೆಯನ್ನು. "ಮದುವೆ ಫೋಟೋದಿಂದ ಹಿಡಿದು ಎಲ್ರೂ ಇದನ್ನ ಅಳಿಸೇ ಕೊಟ್ರು, ಅಣ್ಣ. ನೀವೊಬ್ರೇ ನಾನಿದ್ದ ಹಾಗೆ ಬಿಟ್ಟಿದ್ದು" ಎಂದಳು. ಕಲಾವಿದರು ಬಣ್ಣದ ಕೈಯಿಂದಲೇ ಕಣ್ಣೊರೆಸಿಕೊಂಡರು. ಬಾಗಿಲಲ್ಲಿದ್ದ ನಾವು ಒಬ್ಬೊಬ್ಬರಾಗಿ ಸದ್ದಿಲ್ಲದೆ ಮೆಟ್ಟಿಲಿಳಿದೆವು.