ಅರಾಮಾಗದವರ ಸಾಕ್ಷಿ

ಬೆಳಿಗ್ಗೆ ಬಸ್ ನಿಲ್ದಾಣದ ಕಡೆಗೆ ಹೆಜ್ಜೆ ಹಾಕುವವನನ್ನು ‘ಎಲ್ಲಿಗೆ’ ಎಂದು ಕೇಳದೆ ಬಿಡುವ ನೆರೆಯವರು ನಮ್ಮ ಸಿಂಧನೂರಿನಲ್ಲಿ ಇನ್ನೂ ಹುಟ್ಟಿಲ್ಲ. ಹೋದ ಬೇಸಿಗೆಯ ಒಂದು ಭಾನುವಾರ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಗಲಲ್ಲಿ ಬೈಬಲ್ ಇಟ್ಟುಕೊಂಡು ಹೊರಬಿದ್ದ ನನ್ನನ್ನು ಎದುರುಮನೆಯ ಕಿರಾಣಿ ವ್ಯಾಪಾರಿ ವೀರಭದ್ರಪ್ಪನವರು, ಹಣೆಯ ವಿಭೂತಿ ಇನ್ನೂ ಆರಿರದ ಹೊತ್ತಿನಲ್ಲೇ, ತಡೆದು ನಿಲ್ಲಿಸಿದರು. ಸಾಕ್ಷಿ ಹೇಳಲು ಲಿಂಗಸುಗೂರಿಗೆ ಹೊರಟಿದ್ದೇನೆ ಎಂದೆ.

“ಹೊಲದ ಕೇಸೇನ್ರೀ ಮಾಸ್ತರ? ಐತವಾರ ಯಾವ ಕೋರ್ಟ್ ತೆರದಿರ್ತೈತ್ರೀ?”

ಇದು ನ್ಯಾಯಾಲಯದ ಸಾಕ್ಷಿಯಲ್ಲ, ನಮ್ಮ ಸಭೆಯ ಸಾಕ್ಷಿ. ದೇವರು ತನ್ನ ಬದುಕಿನಲ್ಲಿ ಏನು ಮಾಡಿದನೆಂದು ಒಬ್ಬ ವಿಶ್ವಾಸಿ ಎದ್ದು ನಿಂತು ಹತ್ತು ಜನರೆದುರು ಹೇಳುವುದು ಎಂದು ವಿವರಿಸಿದೆ. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಅರ್ಧ ಆಯುಷ್ಯ ಸವೆಸಿದ ಆ ಅನುಭವಿ ತಲೆದೂಗಿ, ಬೇಡದಿದ್ದರೂ ಸಲಹೆ ಕೊಟ್ಟರು: “ಯಾವ್ದ ಆಗ್ಲಿ, ಕಣ್ಣೀಲೆ ಕಂಡದ್ದಷ್ಟ ಹೇಳ್ರಿ. ಕೇಳಿದ್ದು ಕೂಡ್ಸಿದ್ರ ವಕೀಲ ಹಿಡೀತಾನ.”

ನಕ್ಕೆ. ಆದರೆ ಆ ನಗು ಬಸ್ಸಿನ ಕಿಟಕಿಯ ಪಕ್ಕದ ಆಸನದವರೆಗೂ ನನ್ನ ಜೊತೆ ಬರಲಿಲ್ಲ.

ಓದುಗರೇ, ಸಾಕ್ಷಿ ಹೇಳುವ ಕಲೆಯಲ್ಲಿ ನಾನೊಂದು ಕಾಲಕ್ಕೆ ಪಳಗಿದ ಕೈ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು. ಉಪಮೆ, ಉತ್ಪ್ರೇಕ್ಷೆಗಳು ಕರೆಯುವ ಮೊದಲೇ ಓಡಿಬರುತ್ತಿದ್ದವು. ಮಸ್ಕಿಯಲ್ಲಿ ಓದುತ್ತಿದ್ದಾಗ ವಿಷಮಶೀತ ಜ್ವರ ಬಂದದ್ದು, ಮನೆಯವರು ಆಸೆ ಬಿಟ್ಟದ್ದು, ಅದುವರೆಗೆ ಹೆಸರಿಗಷ್ಟೇ ಕ್ರೈಸ್ತನಾಗಿದ್ದ ನಾನು ಚಾಪೆಯ ಮೇಲೆ ಬಿದ್ದುಕೊಂಡೇ ಮೊದಲ ಸಲ ಮನಸಾರೆ ಪ್ರಾರ್ಥಿಸಿದ್ದು, ಜ್ವರ ಇಳಿದದ್ದು. ಹೇಳಿದಾಗಲೆಲ್ಲ ಸಭೆ ‘ಸ್ತೋತ್ರ’ ಎಂದು ಮೊಳಗುತ್ತಿತ್ತು. ಮನೆಗೆ ಬಂದ ಮೇಲೆ ನನ್ನಾಕೆ ಚಹದ ಲೋಟ ಕೈಗಿಡುತ್ತಾ, “ಈ ಸಲ ಜ್ವರ ಭಾಳ ಏರಿಸಿದ್ರಿ” ಎನ್ನುತ್ತಿದ್ದಳು. ಅವಳದ್ದಾದರೋ ಒಂದೇ ವಾಕ್ಯದ ಸಾಕ್ಷಿ. ಬಲವಂತಕ್ಕೆ ಎದ್ದು, ಸೆರಗು ಸರಿಮಾಡಿಕೊಂಡು, “ದೇವರು ಒಳ್ಳೆಯವನು” ಎಂದು ಹೇಳಿ, ಜನ ಕತ್ತು ತಿರುಗಿಸುವಷ್ಟರಲ್ಲಿ ಕೂತುಬಿಡುತ್ತಿದ್ದಳು.

ಅಂಥವಳ ಮೂತ್ರಪಿಂಡಗಳು ಸೋತವು. ರಕ್ತ ಶುದ್ಧಿ ಮಾಡಿಸಲೆಂದು ವಾರವಾರವೂ ರಾಯಚೂರಿನ ಆಸ್ಪತ್ರೆಗೆ ಅಲೆದೆವು. ಸಭೆಯವರು ಸರದಿಯಂತೆ ಬಂದು ಮಂಡಿಯೂರಿದರು, ಉಪವಾಸವಿದ್ದರು. “ಅಕ್ಕ ಎದ್ದ ಮ್ಯಾಲ ನಿಮ್ ಸಾಕ್ಷಿ ಕೇಳಾಕ ಗುಡಿಯಾಗ ಜಾಗ ಸಾಲಂಗಿಲ್ಲ ನೋಡ್ರಿ” ಎಂದು ಪ್ರೀತಿಯಿಂದಲೇ ಹೇಳಿ ಹೋಗುತ್ತಿದ್ದರು. ನಮ್ಮ ಸಭೆಯವರ ಬಾಯಲ್ಲಿ ಚರ್ಚೂ ಗುಡಿಯೇ. ಎಲ್ಲರ ಮನಸ್ಸಿನಲ್ಲೂ ಕಥೆಯ ಕೊನೆ ಆಗಲೇ ಸಿದ್ಧವಾಗಿತ್ತು, ನನ್ನ ಮನಸ್ಸಿನಲ್ಲೂ.

ಆ ಕೊನೆ ಸಿದ್ಧವಾಗಿರದಿದ್ದುದು ಅವಳೊಬ್ಬಳ ಮನಸ್ಸಿನಲ್ಲೇ. ಒಂದು ಮಧ್ಯಾಹ್ನ ರಾಯಚೂರಿನಿಂದ ಮರಳುವಾಗ, ಬಸ್ಸಿನ ಸರಳಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದವಳು, “ನಾ ಅರಾಮ ಆಗಂಗಿಲ್ಲ. ಆಮ್ಯಾಲ ನಿಮ್ಮನ್ನ ಮೈಕ್ ಮುಂದ ನಿಂದರಸ್ತಾರ. ಏನ್ ಹೇಳ್ತೀರಿ?” ಎಂದು ಕೇಳಿದಳು.

ಹಾಗೆಲ್ಲ ಮಾತಾಡಬೇಡ ಎಂದು ಗದರಿದೆ.

“ಅಕಿ ಅರಾಮ ಆಗ್ಲಿಲ್ಲ ಅಂತ ಹೇಳ್ರಿ, ಮುಚ್ಚಿಡಬ್ಯಾಡ್ರಿ. ಆದ್ರ ದೇವ್ರು ನನ್ ಕೈ ಬಿಟ್ಟಿಲ್ಲ ಅಂತನೂ ಹೇಳ್ರಿ.”

ಗದ್ದೆಗಳಲ್ಲಿ ಭತ್ತ ತೆನೆಗಟ್ಟುವ ಹೊತ್ತಿಗೆ ಅವಳು ಹೋದಳು. ಆಮೇಲೆ ಯಾರೂ ನನ್ನನ್ನು ಸಾಕ್ಷಿಗೆ ಕರೆಯಲಿಲ್ಲ. ಕರೆದರೆ ನಾನೇನು ಹೇಳಿಬಿಡುವೆನೋ ಎಂಬ ಅಂಜಿಕೆ ಅವರಿಗೂ ಇದ್ದಿರಬೇಕು. ಬೆಳಗಿನ ಪ್ರಾರ್ಥನೆಗೆ ಕೂರುತ್ತಿದ್ದೆ. ಬಾಯಿ ತೆರೆದರೆ ಮಾತು ಹುಟ್ಟುತ್ತಿರಲಿಲ್ಲ. ಮಾತಿನಿಂದಲೇ ಅನ್ನ ತಿಂದವನಿಗೆ ಇದಕ್ಕಿಂತ ದೊಡ್ಡ ಬಡತನವಿಲ್ಲ. ಆದರೂ ಪ್ರಾರ್ಥನೆಯ ಅದೇ ಚಾಪೆ ಹಾಸಿ, ಅದೇ ಮೂಲೆಯಲ್ಲಿ, ಬಿಸಿಲು ಏರುವವರೆಗೆ ಸುಮ್ಮನೆ ಕೂರುತ್ತಿದ್ದೆ. ಯಾಕೆಂದು ನನಗೇ ತಿಳಿಯದು.

ಲಿಂಗಸುಗೂರಿನ ಯುವ ಪಾಸ್ಟರರಿಗೆ ನನ್ನ ಹಳೆಯ ಖ್ಯಾತಿಯಷ್ಟೇ ತಲುಪಿತ್ತು, ಹೊಸ ಸುದ್ದಿ ತಲುಪಿರಲಿಲ್ಲ. ಹೀಗೆ ಆ ಕರೆ ಬಂದದ್ದು. ಬಸ್ಸು ಮಸ್ಕಿ ದಾಟಿತು. ಕಾಲುವೆಯ ಹಸಿರು ಹಿಂದೆ ಉಳಿದು, ಒಣ ಹೊಲಗಳು ಕಿಟಕಿಯುದ್ದಕ್ಕೂ ಸಾಗಿಬಂದವು. ಟೈಫಾಯ್ಡಿನ ಕಥೆಯನ್ನೇ ಹೇಳಿ ಕೈತೊಳೆದುಕೊಳ್ಳೋಣವೇ ಎಂಬ ಆಸೆ ದಾರಿಯುದ್ದಕ್ಕೂ ಕಾಡಿತು. ಅದೇನು ಸುಳ್ಳಲ್ಲವಲ್ಲ.

ತಗಡಿನ ಮಾಡಿನ ಪುಟ್ಟ ಗುಡಿ. ತುಂಬಿದ ಜನ. ಮೈಕಿನ ಮುಂದೆ ನಿಂತೊಡನೆ ನಾಲಿಗೆ ರೂಢಿಯಂತೆ ಮಸ್ಕಿಯ ಜ್ವರದತ್ತ ಹೊರಟಿತು. ತಡೆದೆ. “ನನ್ನ ಹೆಂಡತಿ ಗುಣವಾಗಲಿಲ್ಲ” ಎಂದೆ. ಒಂದೂ ಅಲಂಕಾರವಿಲ್ಲದ ವಾಕ್ಯ ನನ್ನ ಬಾಯಿಂದ ಬಂದದ್ದು ಬಹುಶಃ ಅದೇ ಮೊದಲು. “ಎಲ್ಲರೂ ಬೇಡಿಕೊಂಡೆವು, ಆದರೂ ಸತ್ತಳು. ಅದನ್ನು ಕಣ್ಣಾರೆ ಕಂಡೆ. ದೇವರು ತನ್ನ ಕೈ ಬಿಟ್ಟಿಲ್ಲ ಎಂದು ಅವಳು ಹೇಳಿದಳು. ಅವನ ಕೈಯನ್ನು ನಾನು ಕಾಣಲಿಲ್ಲ. ಹಾಗೆ ಹೇಳುವಾಗಿನ ಅವಳ ಮುಖ ಕಂಡೆ. ಅದು ಹೆದರಿದವರ ಮುಖವಾಗಿರಲಿಲ್ಲ. ಇಷ್ಟಕ್ಕೇ ನಾನು ಸಾಕ್ಷಿ.”

ಯಾರೂ ಸ್ತೋತ್ರ ಎನ್ನಲಿಲ್ಲ. ಪಾಸ್ಟರರು ತಡವರಿಸಿ ಒಂದು ಹಾಡು ಎತ್ತಿಕೊಟ್ಟರು. ಜನ ಗಟ್ಟಿಯಾಗಿ, ಯಾವುದನ್ನೋ ಬೇಗ ದಾಟಿ ಹೋಗುವವರಂತೆ ಹಾಡಿದರು. ಆರಾಧನೆ ಮುಗಿದ ಮೇಲೆ ಕೈಕುಲುಕಿದವರು ಕೆಲವರೇ. ಊಟಕ್ಕೆ ನಿಲ್ಲದೆ ರಸ್ತೆಬದಿಯ ಬೇವಿನ ನೆರಳಿನ ಕಲ್ಲುಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಾ ಕೂತೆ. ಒಂದು ಗುಡಿಯ ಭಾನುವಾರವನ್ನು ಕೆಡಿಸಿದೆನೆಂಬ ಅಳುಕು ಎದೆಯಲ್ಲಿತ್ತು.

ಗುಡಿಯಿಂದ ಬಂದ ನಡುವಯಸ್ಸಿನ ಹೆಂಗಸೊಬ್ಬಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಹತ್ತಿರದ ಗುರುಗುಂಟಾದವಳಂತೆ, ಕುರಿ ಸಾಕಿದ ಮನೆತನ. ಮಗಳು ತೀರಿಹೋದಂದಿನಿಂದ ಗುಡಿಗೆ ಬರುವುದನ್ನೇ ಬಿಟ್ಟಿದ್ದಳು. ಇವತ್ತು ನಾದಿನಿ ಎಳೆದು ತಂದಿದ್ದಳು.

“ಎಲ್ಲಾರೂ ಅರಾಮಾದವರ ಮಾತ ಹೇಳ್ತಾರ್ರೀ ಮಾಸ್ತರ” ಎಂದಳು, ರಸ್ತೆಯತ್ತಲೇ ನೋಡುತ್ತಾ. “ಅರಾಮಾಗದವರು ಎಲ್ಲಿ ಹೋಗ್ಬೇಕ್ರೀ?”

ಆಮೇಲೆ ನನ್ನತ್ತ ತಿರುಗಿ ಕೇಳಿದಳು: “ಅಕ್ಕನ ಹೆಸರೇನ್ರೀ?”

ನನ್ನಾಕೆ ಹೋದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಕೇಳುವ ಪ್ರಮೇಯವೂ ಇರಲಿಲ್ಲವೆನ್ನಿ. ಬಲ್ಲವರಿಗೆ ಗೊತ್ತಿತ್ತು, ಆದರೆ ನನಗೆ ನೋವಾದೀತೆಂದು ಅವರು ಆ ಹೆಸರನ್ನೇ ಎತ್ತುತ್ತಿರಲಿಲ್ಲ. ಅಂದು ಮೈಕಿನ ಮುಂದೆ ನಾನೂ ಎತ್ತಿರಲಿಲ್ಲ.

“ಸುವಾರ್ತಮ್ಮ” ಎಂದೆ.

“ಚಂದ ಹೆಸರು.” ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ ಮಗಳು ರೂತ. ಹೆಸರ ತೊಗೊಂಡ್ರ ನಾ ಅಳ್ತೀನಂತ ಮನ್ಯಾಗ ಯಾರೂ ಹೆಸರ ತೊಗೊಳ್ಳಂಗಿಲ್ಲ. ಹೆಸರಿಲ್ದ ಅಳೂದು ಭಾಳ ಕಷ್ಟ ಐತ್ರೀ.”

ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ ಮಸ್ಕಿ, ಸಿಂಧನೂರು ಎಂದು ಕೂಗಿ, ನನ್ನ ಮುಖವನ್ನೊಮ್ಮೆ ನೋಡಿ, ನಾನು ಏಳದ್ದನ್ನು ಕಂಡು ಶಿಳ್ಳೆ ಹಾಕಿದ. ಬಸ್ಸೆಬ್ಬಿಸಿದ ಧೂಳು ಅಡಗಿತು.

“ಹೇಳವ್ವಾ,” ಎಂದೆ. “ರೂತ ಹೆಂಗಿದ್ಳು?”