ಜಲಜಮ್ಮ ಟೀಚರ್ ಹೇಳದೆ ಬಿಟ್ಟ ಅರ್ಧ

ತಮಿಳುನಾಡಿನ ಗಡಿಯ ಹೊಸೂರಿನ ನಮ್ಮ ಶಾಲೆಯಲ್ಲಿ ಕನ್ನಡ ವಿಭಾಗ ಅಂತ ಒಂದು ಇತ್ತು. ಆರು ಕೋಣೆ, ಐದು ಜನ ಟೀಚರು. ನಾನು ಕನ್ನಡ ಹೇಳಿಕೊಡುತ್ತಿದ್ದೆ, ಜಲಜಮ್ಮ ವಿಜ್ಞಾನ. ಅವಳು ನನಗಿಂತ ನಾಲ್ಕು ವರ್ಷಕ್ಕೆ ಹಿರಿಯಳು. ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಗಂಡ ಸುಬ್ಬರಾಮ ಮದುವೆಯಾದ ಮೂರನೆಯ ವರ್ಷ ಕಾಮಾಲೆಯಲ್ಲಿ ತೀರಿಕೊಂಡಿದ್ದರು. ಆಗ ಅವಳಿಗೆ ಇಪ್ಪತ್ತಾರು. ಆಮೇಲೆ ಬಿ.ಎಡ್. ಮಾಡಿ ಕೆಲಸಕ್ಕೆ ಸೇರಿದಳು. ಗಂಡನ ಮಾತನ್ನು ಅವಳು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ತಿಂಗಳಿಗೊಮ್ಮೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಅಲ್ಲಿನ ಗ್ರಂಥಾಲಯದಲ್ಲಿ ಇಡೀ ದಿನ ಕೂತು ಇಂಗ್ಲಿಷ್ ಪತ್ರಿಕೆಗಳನ್ನು ಓದುವುದು ಅವಳ ಅಭ್ಯಾಸ. ಬರುವಾಗ ನೋಟ್‌ಬುಕ್ಕು ತುಂಬಿರುತ್ತಿತ್ತು. ಓದುತ್ತಿದ್ದುದು ಬಹುಪಾಲು ಎರಡೇ ವಿಷಯ: ಬೆಳಕನ್ನೂ ಬಿಡದ ನಕ್ಷತ್ರಗಳು ಮತ್ತು ಕಾಲ. ಇಂಗ್ಲಿಷಿನಲ್ಲಿ 'ಬ್ಲ್ಯಾಕ್ ಹೋಲ್' ಅನ್ನುವ ಆ ನಕ್ಷತ್ರಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ನನ್ನನ್ನು ಕೇಳಿದಳು. ರಂಧ್ರ ಅಂದರೆ ಖಾಲಿ ಅನ್ನಿಸುತ್ತದೆ, ಅದು ಖಾಲಿ ಅಲ್ಲ ಅಂಬುಜ, ವಿಪರೀತ ತುಂಬಿರೋದು ಅಂದಳು. ನಾವಿಬ್ಬರೂ ಕೂತು 'ಕಪ್ಪು ಕುಳಿ' ಎಂದು ಬರೆದುಕೊಂಡೆವು.

ಎಂಬತ್ತೊಂದರಲ್ಲಿ ಹೆಡ್‌ಮಾಸ್ಟರ ಒಪ್ಪಿಗೆ ಪಡೆದು ಶನಿವಾರ ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ದೊಡ್ಡವರಿಗೆ ಪಾಠ ಶುರು ಮಾಡಿದಳು. ಯಾರು ಬೇಕಾದರೂ ಬರಬಹುದು. ಮೂಕಂಡಪಲ್ಲಿ ಕಡೆಯ ಕಾರ್ಖಾನೆಗಳಿಂದ ಶಿಫ್ಟ್ ಮುಗಿಸಿದ ಐದಾರು ಕೆಲಸಗಾರರು, ಅಂಚೆ ಕಚೇರಿಯ ರಾಮಸ್ವಾಮಿ, ಒಬ್ಬಿಬ್ಬರು ಹೆಂಗಸರು, ಎಲ್ಲ ಸೇರಿ ಹದಿನೈದು ಜನ ಬರುತ್ತಿದ್ದರು. ಕನ್ನಡದಲ್ಲಿ ಶುರುವಾದ ಪ್ರಶ್ನೆ ತೆಲುಗಿನಲ್ಲಿ ಬೆಳೆದು ತಮಿಳಿನಲ್ಲಿ ಮುಗಿಯುತ್ತಿತ್ತು. ಅವಳು ಮೂರರಲ್ಲೂ ಉತ್ತರ ಕೊಡುತ್ತಿದ್ದಳು.

ಅವಳ ಪಾಠ ಎಷ್ಟು ಸರಳವಾಗಿತ್ತು ಅಂದರೆ ವಿಜ್ಞಾನ ಗೊತ್ತಿಲ್ಲದ ನನಗೂ ಇಂದಿಗೂ ನೆನಪಿದೆ. ಕಲ್ಲನ್ನು ಮೇಲಕ್ಕೆ ಎಸೆದರೆ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ಇನ್ನೂ ತಡವಾಗಿ ಬೀಳುತ್ತದೆ. ಒಂದು ಸೆಕೆಂಡಿಗೆ ಹನ್ನೊಂದು ಕಿಲೋಮೀಟರಿನ ವೇಗದಲ್ಲಿ ಎಸೆದರೆ ಮತ್ತೆ ಬೀಳುವುದೇ ಇಲ್ಲ, ಭೂಮಿಯ ಹಿಡಿತ ದಾಟಿ ಹೋಗುತ್ತದೆ. ಈಗ ಇದೇ ಭೂಮಿಯನ್ನು, ಒಂದು ಚೂರೂ ಕಡಿಮೆ ಮಾಡದೆ, ಹಿಂಡಿ ಹಿಂಡಿ ಒಂದು ಗೋಲಿಯಷ್ಟು ಮಾಡಿದಿರಿ ಅಂದುಕೊಳ್ಳಿ. ಆಗ ಅದರ ಮೇಲಿನಿಂದ ಬೆಳಕು ಕೂಡ ತಪ್ಪಿಸಿಕೊಂಡು ಬರಲಾರದು. ಸೂರ್ಯನಾದರೆ ಹೊಸೂರಿನಿಂದ ಮೂಕಂಡಪಲ್ಲಿ ದಾಟುವಷ್ಟು ಅಗಲಕ್ಕೆ ಹಿಂಡಬೇಕು. ಸೂರ್ಯ ತಾನಾಗಿ ಹಾಗೆ ಆಗುವುದಿಲ್ಲ, ಅಷ್ಟು ತೂಕ ಅದಕ್ಕಿಲ್ಲ. ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ನಕ್ಷತ್ರ, ಒಳಗಿನ ಉರಿ ಮುಗಿದ ಮೇಲೆ, ತನ್ನ ಮೇಲೆ ತಾನೇ ಕುಸಿದು ಹಾಗಾಗುತ್ತದೆ.

"ಅದು ಎಲ್ಲಾನೂ ನುಂಗ್ಬುಡ್ತದಾ?" ಎಂದು ಒಬ್ಬ ಕೆಲಸಗಾರ ಕೇಳಿದ.

"ಹತ್ತಿರ ಹೋದೋರನ್ನ ಮಾತ್ರ. ನಮ್ಮ ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪು ಕುಳಿ ಇಟ್ಟರೂ ಭೂಮಿ ಈಗಿನ ಹಾಗೇ ಸುತ್ತುತ್ತಿರುತ್ತೆ. ಕತ್ತಲೆ ಆಗುತ್ತೆ, ಚಳಿ ಆಗುತ್ತೆ, ಅಷ್ಟೇ."

ಕಾಲದ ಪಾಠ ಅದರ ಮುಂದಿನ ವಾರ. ಸೆಳೆತ ಹೆಚ್ಚಿದ್ದ ಕಡೆ ಗಡಿಯಾರ ನಿಧಾನ. ಮಹಡಿಯ ಮೇಲಿನ ಗಡಿಯಾರಕ್ಕಿಂತ ನೆಲದ ಮೇಲಿನದು ನಿಧಾನ, ಆದರೆ ವ್ಯತ್ಯಾಸ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಕಪ್ಪು ಕುಳಿಯ ಹತ್ತಿರ ಹಾಗಲ್ಲ. ಒಬ್ಬರು ಅದರ ಸಮೀಪ ಸುತ್ತು ಹಾಕಿ ವಾಪಸು ಬಂದರೆ ಅವರಿಗೆ ಒಂದು ವರ್ಷ ಆಗಿರಬಹುದು, ನಮಗೆ ಹತ್ತು ವರ್ಷ ಕಳೆದಿರಬಹುದು. ಅಂದರೆ ಅವರು ಒಂಬತ್ತು ವರ್ಷ ಮುಂದಕ್ಕೆ ಬಂದ ಹಾಗೆ. ಕಾಲದಲ್ಲಿ ಮುಂದಕ್ಕೆ ಹೋಗುವುದು ಕಟ್ಟುಕತೆಯಲ್ಲ ಎಂದಳು ಜಲಜಮ್ಮ.

ಶಾಲೆಯ ಗುಡಿಸುವ ಕೆಲಸದ ಗೋವಿಂದಮ್ಮ ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಪಾಠ ಮುಗಿದ ಮೇಲೆ ಕೋಣೆಗೆ ಬೀಗ ಹಾಕಬೇಕಾದವಳು ಅವಳು. ಊರು ಅಂಚೆಟ್ಟಿಯಿಂದ ಆಚೆ ಕಾಡಂಚಿನ ಒಂದು ಹಳ್ಳಿ. ಗಂಡ ತಿಮ್ಮರಾಯಪ್ಪ ಅಲ್ಲೇ ರಾಗಿ ಬೆಳೆದುಕೊಂಡಿದ್ದ. ಇವಳು ಮೂಕಂಡಪಲ್ಲಿಯಲ್ಲಿ ದೊಡ್ಡ ಮಗಳು ರಾಮಕ್ಕನ ಮನೆಯಲ್ಲಿದ್ದಳು. ಊರು ಬಿಟ್ಟು ಯಾಕೆ ಬಂದೆ ಅಂದರೆ ಯಾರಿಗೂ ಹೇಳುತ್ತಿರಲಿಲ್ಲ.

ಕಾಲದ ಆ ಪಾಠ ಮುಗಿದ ಶನಿವಾರ ಅವಳು ಕಪ್ಪು ಹಲಗೆ ಒರೆಸುತ್ತಾ ಕೇಳಿದಳು: "ಟೀಚರಮ್ಮ, ಮುಂದುಕ್ಕೆ ಹೋಗ್ಬೋದು ಅಂದ್ರಲ್ಲ. ಹಿಂದುಕ್ಕೆ?"

ನಾನು ಹಿಂದಿನ ಬೆಂಚಿನಲ್ಲಿ ಕೂತು ಕಾಂಪೊಸಿಷನ್ ತಿದ್ದುತ್ತಿದ್ದೆ. ಜಲಜಮ್ಮ, "ಎಲ್ಲಿಗೆ ಹೋಗಬೇಕಿತ್ತು ನಿನಗೆ?" ಎಂದಳು.

ಗೋವಿಂದಮ್ಮ ಒರೆಸುವುದನ್ನು ನಿಲ್ಲಿಸದೆ ಹೇಳಿದಳು. ಎಪ್ಪತ್ತೊಂಬತ್ತರಲ್ಲಿ ಅವಳ ಚಿಕ್ಕ ಮಗಳು ಅಕ್ಕಯಮ್ಮನಿಗೆ, ಒಂಬತ್ತು ವರ್ಷದ ಹುಡುಗಿಗೆ, ಜ್ವರ ಬಂತು. ಮೂರನೆಯ ದಿನ ಸಾಯಂಕಾಲ ಮೈಯೆಲ್ಲ ಸೆಟೆದುಕೊಂಡಿತು. ಅಂಚೆಟ್ಟಿಗೆ ಎತ್ತಿಕೊಂಡು ನಡೆಯಬೇಕು, ಅಲ್ಲಿಂದ ಡೆಂಕಣಿಕೋಟೆ ಆಸ್ಪತ್ರೆಗೆ ಹೇಗಾದರೂ ಸೇರಬೇಕು. ದಾರಿಯಲ್ಲಿ ಆನೆ ಇಳಿದಿದ್ದವು. ಬೆಳಿಗ್ಗೆ ಹೋದರಾಯಿತು, ಮೊದಲ ಬಸ್ಸು ಸಿಗುತ್ತದೆ ಅಂದುಕೊಂಡರು. ಬೆಳಿಗ್ಗೆ ಹೊರಟರು. ಅಂಚೆಟ್ಟಿ ಇನ್ನೂ ಒಂದು ಮೈಲಿ ಇರುವಾಗ ಹೆಗಲ ಮೇಲಿನ ಮಗು ಭಾರವಾಯಿತು.

"ಆ ಸಾಯಂಕಾಲ ಒಂದು ಸಿಕ್ಕಿದ್ರೆ ಸಾಕು. ಹೊರಟ್ಬುಡ್ತಿದ್ದೆ" ಎಂದಳು ಗೋವಿಂದಮ್ಮ.

ಜಲಜಮ್ಮ ಕೈಯಲ್ಲಿದ್ದ ಸೀಮೆಸುಣ್ಣ ಡಬ್ಬಿಗೆ ಹಾಕಿದಳು. ಆಮೇಲೆ, "ಹಿಂದಕ್ಕೆ ಹೋಗೋದು ಆಗೋದೇ ಇಲ್ಲ ಅಂತ ಯಾರೂ ಸಾಧಿಸಿ ತೋರಿಸಿಲ್ಲ ಗೋವಿಂದಮ್ಮ. ಲೆಕ್ಕದಲ್ಲಿ ಆ ಬಾಗಿಲು ಇನ್ನೂ ಮುಚ್ಚಿಲ್ಲ" ಎಂದಳು.

ಅದು ಸುಳ್ಳಲ್ಲ. ಅವಳು ಓದಿದ ಯಾವುದೋ ಪತ್ರಿಕೆಯಲ್ಲಿ ಹಾಗೇ ಇತ್ತು. ಆದರೆ ಆ ವಾಕ್ಯದ ಮುಂದಿನ ಭಾಗ ಅವಳು ಹೇಳಲಿಲ್ಲ.

ಅಂದಿನಿಂದ ಗೋವಿಂದಮ್ಮ ಪ್ರತಿ ಶನಿವಾರ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಮುಖ ಹಗುರವಾಯಿತು. ನಮ್ಮ ಜೊತೆ ಕಾಫಿ ಕುಡಿಯುವಾಗ ನಗುವುದನ್ನೂ ನೋಡಿದೆ. ಜಲಜಮ್ಮ ಒಳ್ಳೆಯ ಕೆಲಸ ಮಾಡಿದಳು ಅಂದುಕೊಂಡವರಲ್ಲಿ ನಾನೂ ಒಬ್ಬಳು. ಒಮ್ಮೆ ಗೋವಿಂದಮ್ಮ, ಹತ್ತಿರದ ಕಪ್ಪು ಕುಳಿ ಎಲ್ಲಿದೆ ಅಂತ ಕೇಳಿದಳು. ಹಂಸ ಎಂಬ ನಕ್ಷತ್ರಪುಂಜದಲ್ಲಿ ಒಂದು ದೊಡ್ಡ ನಕ್ಷತ್ರ ಕಣ್ಣಿಗೆ ಕಾಣದ ಯಾವುದನ್ನೋ ಸುತ್ತುತ್ತಿದೆ, ಅದು ಕಪ್ಪು ಕುಳಿ ಇರಬಹುದು ಅಂತಾರೆ, ಅಲ್ಲಿಂದ ಬೆಳಕು ಬರುವುದಕ್ಕೇ ಆರು ಸಾವಿರ ವರ್ಷದ ಮೇಲೆ ಬೇಕು ಎಂದಳು ಜಲಜಮ್ಮ. ಇಷ್ಟು ಕೇಳಿದರೆ ಆಸೆ ತಾನಾಗಿ ಕರಗೀತು ಎಂದು ಅವಳ ಮನಸ್ಸಿನಲ್ಲಿತ್ತೋ ಏನೋ.

"ಹಿಂದುಕ್ಕೆ ಬರೋದೇ ಆದ್ರೆ, ಹೋಗಕ್ಕೆ ಎಷ್ಟು ವರ್ಷ ಆದ್ರೇನು ಟೀಚರಮ್ಮ?" ಎಂದಳು ಗೋವಿಂದಮ್ಮ.

ಹದಿನೈದು ಜನರಲ್ಲಿ ಯಾರೂ ಅಷ್ಟು ಸರಿಯಾಗಿ ಯೋಚಿಸಿರಲಿಲ್ಲ. ಜಲಜಮ್ಮ ನಕ್ಕಳು. ಮನೆಗೆ ನಡೆದು ಹೋಗುವಾಗ ಮಾತ್ರ, "ಅಂಬುಜ, ನನಗೆ ಭಯ ಆಗ್ತಿದೆ" ಅಂದಳು.

ಎಂಬತ್ತಮೂರರಲ್ಲಿ ರಾಮಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆಕೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಟಾಫ್ ರೂಮಿಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

"ನಮ್ಮವ್ವಂಗೆ ಏನು ಹೇಳಿದ್ದೀರ ನೀವು?" ಎಂದು ಜಲಜಮ್ಮನನ್ನು ಕೇಳಿದಳು. "ಹನ್ನೊಂದು ತಿಂಗಳಾಯ್ತು, ಮಗೀಗೆ ಹೆಸರಿಟ್ಟಿಲ್ಲ. ತಂಗಿ ಹೆಸರೇ ಇಡಾನ ಅಂತ ನಮ್ಮೆಜಮಾನ್ರೂ ಅಂದ್ರು. ಅವ್ವ ಬ್ಯಾಡ ಅಂತಾಳೆ. ಆ ಹೆಸರಿನೋಳು ಬಂದ್ರೆ ಏನಂತ ಕರೀಲಿ ಅಂತಾಳೆ. ಮಗೀನ ಎತ್ಕೊಳಲ್ಲ. ಟೀಚರಮ್ಮ ಹೇಳವ್ರೆ, ಬಾಗ್ಲು ಮುಚ್ಚಿಲ್ಲ ಅಂತಾಳೆ."

ಗೋವಿಂದಮ್ಮ ಆ ವಾರ ರಾಗಿ ಕಣದ ಕೆಲಸಕ್ಕೆಂದು ಊರಿಗೆ ಹೋಗಿದ್ದಳು. ಅವಳು ಬರುವ ತನಕ ಕಾಯೋಣ ಎಂದೆ ನಾನು. ಜಲಜಮ್ಮ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಡೆಂಕಣಿಕೋಟೆ ಬಸ್ಸು ಹತ್ತಿ, ಅಲ್ಲಿ ಒಂದು ಗಂಟೆ ಕಾದು, ಅಂಚೆಟ್ಟಿ ಬಸ್ಸು ಹಿಡಿದೆವು. ಆಮೇಲೆ ಕಾಲುದಾರಿ. ಬಿದಿರು ಮುರಿದು ದಾರಿಗೆ ಅಡ್ಡ ಬಿದ್ದಿತ್ತು, ಅಲ್ಲಲ್ಲಿ ಆನೆ ಲದ್ದಿ. ಜಲಜಮ್ಮ ಹೊರಡುವಾಗ ಒಮ್ಮೆ, ಹಳ್ಳಿ ಸೇರಿದಾಗ ಒಮ್ಮೆ ಕೈಗಡಿಯಾರ ನೋಡಿದಳು. ಎರಡೂಕಾಲು ಗಂಟೆಯ ನಡಿಗೆ. ಅದು ಗೋವಿಂದಮ್ಮ ಮಗಳನ್ನು ಹೊತ್ತು ನಡೆದ ದಾರಿ.

ಗೋವಿಂದಮ್ಮ ಅಂಗಳದಲ್ಲಿ ರಾಗಿ ತೂರುತ್ತಿದ್ದಳು. ಗಂಡ ಗೋಡೆಗೆ ಒರಗಿ ಹಗ್ಗ ಹೊಸೆಯುತ್ತಿದ್ದ. ನಮ್ಮನ್ನು ಕಂಡು ಅವಳ ಮುಖ ಅರಳಿತು. ಏನೋ ಸುದ್ದಿ ತಂದಿದ್ದಾರೆ ಅಂದುಕೊಂಡಳೆಂದು ಈಗ ಅನ್ನಿಸುತ್ತದೆ. ಚಾಪೆ ಹಾಸಿದಳು, ನೀರು ಕೊಟ್ಟಳು.

ಜಲಜಮ್ಮ ಸುತ್ತಿ ಬಳಸದೆ ಹೇಳಿದಳು. "ಗೋವಿಂದಮ್ಮ, ನಾನು ನಿನಗೆ ಅರ್ಧ ಹೇಳಿದ್ದೆ. ಇನ್ನರ್ಧ ಹೇಳೋಕೆ ಬಂದಿದೀನಿ. ಹಿಂದಕ್ಕೆ ಹೋಗೋ ದಾರಿ ಅಂತ ಅವರು ಕಾಗದದ ಮೇಲೆ ಬರೆದಿರೋದು ನಿಜ. ಆದರೆ ಅದಕ್ಕೆ ಕೊನೆಯೇ ಇಲ್ಲದಷ್ಟು ಉದ್ದದ ಒಂದು ಕಂಬ ಬೇಕು. ನಕ್ಷತ್ರಗಳನ್ನ ಹಿಂಡಿದಷ್ಟು ಭಾರದ್ದು. ಅದು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ತಿರುಗಬೇಕು. ಅಂಥದ್ದು ಎಲ್ಲೂ ಇಲ್ಲ, ಯಾರೂ ಮಾಡೋಕಾಗಲ್ಲ. ಕಪ್ಪು ಕುಳಿಯೊಳಗೆ ಹೋದೋರು ವಾಪಸ್ ಬರಲ್ಲ. ಹತ್ತಿರ ಹೋಗಿ ಬಂದೋರು ಮುಂದಕ್ಕೆ ಮಾತ್ರ ಹೋಗ್ತಾರೆ. ಆ ಸಾಯಂಕಾಲ ಸಿಗಲ್ಲ."

ಗೋವಿಂದಮ್ಮ ಮೊರ ಕೆಳಗಿಟ್ಟಳು.

"ನಡೆಯೋ ದಾರಿ ನೋಡಿದೆ" ಎಂದು ಜಲಜಮ್ಮ ಮುಂದುವರಿಸಿದಳು. "ಆನೆ ಇಳಿದಿರುವಾಗ ಆ ಹೊತ್ತಲ್ಲಿ ಯಾರೂ ಹೊರಡ್ತಿರಲಿಲ್ಲ. ತಪ್ಪು ನಿನ್ನದಲ್ಲ."

ಆಗ ತಿಮ್ಮರಾಯಪ್ಪ ಹಗ್ಗದಿಂದ ಕಣ್ಣೆತ್ತದೆ ಮಾತಾಡಿದ. "ಬ್ಯಾಡ ಅಂದೋನು ನಾನು ಕಣಮ್ಮ. ಇವಳು ಮಗೀನ ಸೀರೇಲಿ ಕಟ್ಕೊಂಡು ಹೊಸ್ಲು ದಾಟಿದ್ಲು. ನಾನೇ ಕೈ ಹಿಡಿದು ಒಳಕ್ಕೆ ಎಳೆದೆ."

ಐದು ವರ್ಷದಲ್ಲಿ ಅವನು ಅದನ್ನು ಯಾರ ಎದುರೂ ಹೇಳಿರಲಿಲ್ಲವಂತೆ.

"ನೀನು ಎಳೆದೆ. ನಾನು ಬಂದೆ" ಎಂದಳು ಗೋವಿಂದಮ್ಮ. ಅಷ್ಟೇ. ಆಮೇಲೆ ಜಲಜಮ್ಮನ ಕಡೆ ತಿರುಗಿದಳು. "ಹಂಗಾದ್ರೆ ಅವತ್ತು ಯಾಕೆ ಹಂಗಂದ್ರಿ?"

"ನನಗೂ ಬೇಕಾಗಿತ್ತು ಗೋವಿಂದಮ್ಮ. ನಮ್ಮನೆಯವರು ಹೋದ ಮೇಲೆ ನಾನು ಆ ಪತ್ರಿಕೆಗಳನ್ನ ಓದೋಕೆ ಶುರು ಮಾಡಿದ್ದೇ ಅದಕ್ಕೆ. ಇಲ್ಲ ಅನ್ನೋದನ್ನ ಬಾಯಲ್ಲಿ ಹೇಳೋಕೆ ನನ್ನ ಕೈಲಿ ಆಗಲಿಲ್ಲ."

"ನೀವು ಓದಿದೋರು. ಇಲ್ಲ ಅಂತ ನಿಮಗೆ ಒಳಗೊಳಗೆ ಗೊತ್ತಿತ್ತು. ಆಸೆ ಪಟ್ಕೊಂಡ್ರೂ ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತೇ ಹೇಳಿದ್ರೆ ಅವತ್ತೇ ಅತ್ತು ಮುಗಿಸ್ತಿದ್ದೆ. ಈಗ ಮೊದಲಿಂದ ಅಳಬೇಕು."

ಆದರೆ ನಮ್ಮೆದುರು ಅವಳು ಅಳಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿ ಮುದ್ದೆ, ಹುರುಳಿ ಸಾರು ಮಾಡಿ ಬಡಿಸಿದಳು. ಬೇಡ ಅನ್ನುವ ಧೈರ್ಯ ನಮಗಿರಲಿಲ್ಲ. ನಾಲ್ವರೂ ಕೂತು ಉಂಡೆವು. ಸಾಯಂಕಾಲದ ಬಸ್ಸಿಗೆ ಹೊತ್ತಾಗುತ್ತದೆ ಅಂತ ತಿಮ್ಮರಾಯಪ್ಪ ಅರ್ಧ ದಾರಿ ಬಂದು ಬಿಟ್ಟು ಹೋದ. ಬಸ್ಸಿನಲ್ಲಿ ಜಲಜಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಗೋವಿಂದಮ್ಮ ಶಾಲೆಯ ಕೆಲಸಕ್ಕೆ ಮತ್ತೆ ಬರಲಿಲ್ಲ. ಅಳಿಯ ಬಂದು ಬೀಗದ ಕೈ ಒಪ್ಪಿಸಿ ಹೋದ. ಆ ತಿಂಗಳ ಕೊನೆಯಲ್ಲಿ ಮೊಮ್ಮಗುವಿಗೆ ಅಕ್ಕಯಮ್ಮ ಎಂದೇ ಹೆಸರಿಟ್ಟರು ಅಂತ ತಿಳಿಯಿತು. ನಮ್ಮನ್ನು ಕರೆದಿರಲಿಲ್ಲ.

ಜಲಜಮ್ಮ ಆರು ತಿಂಗಳು ಶನಿವಾರದ ಪಾಠ ನಿಲ್ಲಿಸಿದಳು. ಮತ್ತೆ ಶುರು ಮಾಡಿದಾಗ ನಾಲ್ಕೇ ಜನ ಬಂದರು. ಪಾಠದ ರೀತಿಯೂ ಬದಲಾಗಿತ್ತು. ಏನು ಸಾಧ್ಯವಿಲ್ಲ ಅನ್ನುವುದನ್ನು ಮೊದಲು ಹೇಳಿ, ಆಮೇಲೆ ಸಾಧ್ಯವಿರುವುದಕ್ಕೆ ಬರುತ್ತಿದ್ದಳು. ಕೇಳಲು ಸಪ್ಪೆಯಾಗಿರುತ್ತಿತ್ತು. ರಾಮಸ್ವಾಮಿ, "ಯಾಕಮ್ಮ, ಮೊದಲಿನ ಹಾಗೆ ಹೇಳಬಾರದಾ?" ಎಂದು ಕೇಳಿದರೆ, "ಮೊದಲಿನ ಹಾಗೆ ಹೇಳೋದು ಸುಲಭ ಸಾರ್" ಎಂದಳು. ಅವಳ ಟಿಪ್ಪಣಿಗಳನ್ನೆಲ್ಲ ಸೇರಿಸಿ ಒಂದು ಸಣ್ಣ ಪುಸ್ತಕ ಮಾಡೋಣ ಎಂದು ನಾನು ಎಷ್ಟೋ ಸಲ ಹೇಳಿದೆ. ಕಪ್ಪು ಕುಳಿಯ ತನಕ ನೀಟಾಗಿ ಬರೆದಳು. ಕಾಲದ ಅಧ್ಯಾಯವನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದಳು. ಅಷ್ಟು ಹೊತ್ತಿಗೆ ಕನ್ನಡ ವಿಭಾಗದಲ್ಲಿ ಮಕ್ಕಳು ಕಡಿಮೆಯಾಗಿ ಎರಡು ತರಗತಿ ಮುಚ್ಚಿದವು. ಪ್ರಯೋಗಶಾಲೆ ಬೇರೆ ವಿಭಾಗಕ್ಕೆ ಹೋಯಿತು, ಪಾಠವೂ ನಿಂತಿತು.

ಎಂಬತ್ತೇಳರಲ್ಲಿ ರಾಮಕ್ಕ ಮಗಳನ್ನು ಬಾಲವಾಡಿಗೆ ಬಿಡಲು ಶಾಲೆಯ ಮುಂದಿನಿಂದಲೇ ಹೋಗುತ್ತಿದ್ದಳು. ಒಂದು ದಿನ ಜಲಜಮ್ಮ ಗೇಟಿನ ತನಕ ಹೋಗಿ ಅವಳನ್ನು ನಿಲ್ಲಿಸಿದಳು. ನಾನೂ ಜೊತೆಗಿದ್ದೆ.

"ನಿಮ್ಮವ್ವ ಹೇಗಿದಾರೆ?"

"ಊರಲ್ಲವ್ಳೆ. ಎರಡು ವರ್ಷ ಅತ್ತಳು. ಈಗ ಪರ್ವಾಗಿಲ್ಲ, ಮಗೀನ ಎತ್ಕೊತಾಳೆ."

"ನನ್ನ ವಿಷಯ ಏನಾದರೂ ಅಂತಾರಾ?"

ರಾಮಕ್ಕ ಸ್ವಲ್ಪ ಯೋಚಿಸಿದಳು. "ಇಲ್ಲ ಟೀಚರಮ್ಮ. ಏನೂ ಅನ್ನಲ್ಲ."

ಜಲಜಮ್ಮ ತಲೆಯಾಡಿಸಿದಳು. ಆರನೇ ತರಗತಿಯ ಪೀರಿಯಡ್ ಅವಳದಿತ್ತು, ಬೆಲ್ಲು ಹೊಡೆದು ಐದು ನಿಮಿಷವಾಗಿತ್ತು. ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.